ಶಿರಾಜ್‌ನಿಂದ ಬಂದ ಕುದುರೆಗಳು

ಕುದುರೆ ಪಂದ್ಯ ಎಂದೊಡನೆ ನಮ್ಮ ಮನೆಗಳಲ್ಲಿ ಹಿರಿಯರು ಮುಖ ಗಂಟಿಕ್ಕುತ್ತಾರೆ. ಅದು ಸಹಜವೇ. ರೇಸ್ ಹುಚ್ಚು ಹತ್ತಿ ಮನೆ ಮಾರಿಕೊಂಡವರ, ಹೆಂಡತಿಯ ಒಡವೆ ಅಡವಿಟ್ಟವರ ಕಥೆಗಳನ್ನು ಮೈಸೂರಿನಲ್ಲೂ ಬೆಂಗಳೂರಿನಲ್ಲೂ ಯಾರು ಬೇಕಾದರೂ ಹೇಳಬಲ್ಲರು. ಪವಿತ್ರ ಕುರ್‌ಆನ್ ಜೂಜನ್ನು ಮದ್ಯದ ಪಕ್ಕದಲ್ಲೇ ಇಟ್ಟು ನಿಷೇಧಿಸಿರುವುದು ನಮಗೆಲ್ಲ ತಿಳಿದ ಸಂಗತಿ. ಆದುದರಿಂದ ಈ ಲೇಖನದಲ್ಲಿ ಯಾವ ಕುದುರೆಗೆ ಎಷ್ಟು ದರ ಎಂಬ ವಿಚಾರ ಬರುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಬೆಟ್ಟಿಂಗ್ ಚೀಟಿಗಿಂತ ಮೊದಲು ಕುದುರೆ ಇತ್ತು, ಕುದುರೆಗಿಂತ ಮೊದಲು ಅದನ್ನು ಸಾಕಿದ, ಸಾಗಿಸಿದ, ಪಳಗಿಸಿದ ಜನರಿದ್ದರು. ಆ ಜನರಲ್ಲಿ ನಮ್ಮ ಮೈಸೂರು ಸೀಮೆಯವರೂ ಬಹಳ ಮಂದಿ. ಅವರ ಚರಿತ್ರೆ ನಮ್ಮ ಪಠ್ಯಪುಸ್ತಕಗಳಲ್ಲಿ ಸಿಗುವುದಿಲ್ಲ.

ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವನಾದ್ದರಿಂದ ಮೊದಲು ಪದಗಳ ಕಡೆಗೆ ನನ್ನ ಕಣ್ಣು ಹೋಗುತ್ತದೆ. ಹಳಗನ್ನಡದಲ್ಲಿ ಕುದುರೆ ಇದೆ, ರಾವುತ ಇದ್ದಾನೆ. ಆದರೆ ಕುದುರೆಯ ಮೈಮೇಲೆ ಏನೇನು ಹೊರಿಸುತ್ತೇವೋ ಅವುಗಳ ಹೆಸರು ನೋಡಿ. ಲಗಾಮು, ಜೀನು, ಚಾಬೂಕು ಪಾರಸಿಯಿಂದ ಬಂದವು. ಕಾಲಿಡುವ ರಿಕಾಪು ಅರಬ್ಬಿಯ 'ರಿಕಾಬ್'. ಹತ್ತಿ ಕೂತವನು ಸವಾರ, ಅದೂ ಪಾರಸಿಯೇ. ಲಾಯದಲ್ಲಿ ಮೈ ಉಜ್ಜುವವನು ಸೈಸ, ಅದು ಅರಬ್ಬಿಯ 'ಸಾಯಿಸ್'. ಚಾಮರಾಜನಗರದ ಸಂತೆಯಲ್ಲಿ ಈ ಪದಗಳನ್ನು ಆಡುವ ರೈತ ತಾನು ಪಾರಸಿ ಮಾತನಾಡುತ್ತಿದ್ದೇನೆ ಎಂದುಕೊಳ್ಳುವುದಿಲ್ಲ. ಪದಗಳು ತಾವಾಗಿಯೇ ಸಮುದ್ರ ದಾಟುವುದಿಲ್ಲ, ಕುದುರೆಯ ಜೊತೆ, ಕುದುರೆ ತಂದವರ ಜೊತೆ ಬರುತ್ತವೆ.

ಪಂದ್ಯವೂ ಹಳೆಯದೇ. ಪ್ರವಾದಿ ಮುಹಮ್ಮದ್(ಸ) ಅವರು ಮದೀನಾದಲ್ಲಿ ಕುದುರೆಗಳ ಓಟ ಏರ್ಪಡಿಸಿದ್ದನ್ನು ಹದೀಸ್ ಗ್ರಂಥಗಳು ದಾಖಲಿಸಿವೆ. ಅದರ ವ್ಯವಸ್ಥೆ ಗಮನಿಸುವಂಥದು. ಮೇವನ್ನು ಹದಗೊಳಿಸಿ ತಯಾರು ಮಾಡಿದ ಕುದುರೆಗಳಿಗೆ ಹಫ್ಯಾ ಎಂಬ ಸ್ಥಳದಿಂದ ಸನಿಯ್ಯತುಲ್ ವದಾವರೆಗೆ ಐದಾರು ಮೈಲಿ ದೂರದ ಓಟ. ತಯಾರಿ ಇಲ್ಲದ ಕುದುರೆಗಳಿಗೆ ಅಲ್ಲಿಂದ ಬನೀ ಝುರೈಕ್ ಮಸೀದಿಯವರೆಗೆ ಒಂದು ಮೈಲಿಯಷ್ಟೇ. ತಯಾರಿಯಿಲ್ಲದ ಪ್ರಾಣಿಯನ್ನು ದೂರ ಓಡಿಸಬಾರದು ಎಂಬ ಎಚ್ಚರ ಅಲ್ಲಿದೆ. ಓಡಿಸಿದವರಲ್ಲಿ ಹಜ್ರತ್ ಅಬ್ದುಲ್ಲಾ ಬಿನ್ ಉಮರ್ ಕೂಡ ಒಬ್ಬರು.

ಸ್ಟೀಪಲ್‌ಚೇಸ್ ಎಂದರೇನು?

ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿ ಇಂಗ್ಲೆಂಡಿನ ಗ್ರಾಂಡ್ ನ್ಯಾಷನಲ್ ಪಂದ್ಯದ ಚಿತ್ರಗಳು ದೂರದರ್ಶನದಲ್ಲೂ ಮೊಬೈಲ್‌ನಲ್ಲೂ ಬರುತ್ತವೆ. ಕುದುರೆಗಳು ಆಳೆತ್ತರದ ಬೇಲಿಗಳನ್ನು ಹಾರುತ್ತವೆ, ಕೆಲವು ಮುಗ್ಗರಿಸಿ ಬೀಳುತ್ತವೆ. 'ಸರ್, ನಮ್ಮ ಮೈಸೂರಿನ ರೇಸ್‌ನಲ್ಲಿ ಬೇಲಿ ಯಾಕಿಲ್ಲ?' ಎಂದು ಒಂಬತ್ತನೇ ತರಗತಿಯ ಹುಡುಗನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದರೆ ಐರ್ಲೆಂಡಿಗೆ ಹೋಗಬೇಕು.

ಸ್ಟೀಪಲ್ ಎಂದರೆ ಚರ್ಚಿನ ಗೋಪುರ. 1752ರಲ್ಲಿ ಐರ್ಲೆಂಡಿನ ಕಾರ್ಕ್ ಪ್ರಾಂತ್ಯದಲ್ಲಿ ಎಡ್ಮಂಡ್ ಬ್ಲೇಕ್ ಮತ್ತು ಕಾರ್ನೆಲಿಯಸ್ ಓ'ಕ್ಯಾಲಗನ್ ಎಂಬ ಇಬ್ಬರು ಬಟ್ಟವಂಟ್ ಊರಿನ ಚರ್ಚಿನಿಂದ ಡೊನರೇಲ್ ಊರಿನ ಚರ್ಚಿನವರೆಗೆ ಪಂದ್ಯ ಕಟ್ಟಿದರೆಂದು ಪ್ರತೀತಿ. ದೂರ ಸುಮಾರು ನಾಲ್ಕೂವರೆ ಮೈಲಿ. ದಾರಿ ಎಂಬುದಿಲ್ಲ. ಎದುರಿಗೆ ಕಾಣುವ ಗೋಪುರವೇ ಗುರಿ, ನಡುವೆ ಬಂದ ಬೇಲಿ, ಹಳ್ಳ, ಕಲ್ಲುಗೋಡೆ ಎಲ್ಲವನ್ನೂ ಹಾರಿಕೊಂಡೇ ಹೋಗಬೇಕು. ಗುಂಡ್ಲುಪೇಟೆಯ ಮಸೀದಿಯ ಮಿನಾರಿನಿಂದ ಹೊರಟು, ಹೊಲಗದ್ದೆ ಹಾರಿ, ತೆರಕಣಾಂಬಿಯ ಗುಡಿಯ ಗೋಪುರ ಮುಟ್ಟಿದಂತೆ ಎಂದರೆ ನಮ್ಮ ಮಕ್ಕಳಿಗೆ ಅರ್ಥವಾದೀತು. ಹೊಲದ ಯಜಮಾನ ದೊಣ್ಣೆ ಹಿಡಿದು ಬರುತ್ತಾನೆ ಎಂಬುದು ಬೇರೆ ಮಾತು!

ಹೊಲದಲ್ಲಿ ಓಡುತ್ತಿದ್ದ ಈ ಆಟವನ್ನು ಮೈದಾನಕ್ಕೆ ತಂದು ಟಿಕೆಟ್ ಮಾರಿದವರು ಲಿವರ್‌ಪೂಲ್ ಪಟ್ಟಣದವರು. ಅಲ್ಲಿನ ಹೋಟೆಲ್ ಮಾಲೀಕ ವಿಲಿಯಂ ಲಿನ್ ಎಂಬಾತ ಪಕ್ಕದ ಏಂಟ್ರಿ ಎಂಬಲ್ಲಿ ಪಂದ್ಯ ನಡೆಸಿದ. 1839ರ ಫೆಬ್ರವರಿ 26ರಂದು ನಡೆದ ಓಟವನ್ನು ಗ್ರಾಂಡ್ ನ್ಯಾಷನಲ್‌ನ ಆರಂಭವೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಗೆದ್ದ ಕುದುರೆಯ ಹೆಸರು ಲಾಟರಿ, ಸವಾರ ಜೆಮ್ ಮೇಸನ್. ಅದೇ ದಿನ ಕ್ಯಾಪ್ಟನ್ ಬೀಚರ್ ಎಂಬಾತ ತನ್ನ ಕುದುರೆಯಿಂದ ಒಂದು ತೊರೆಗೆ ಬಿದ್ದು, ಹಿಂದಿನ ಕುದುರೆಗಳು ತಲೆಯ ಮೇಲೆ ಹಾರಿಹೋಗುವವರೆಗೆ ನೀರಿನಲ್ಲೇ ಅಡಗಿ ಕೂತ. ಗೆದ್ದ ಸವಾರನ ಹೆಸರು ಎಷ್ಟು ಜನಕ್ಕೆ ಗೊತ್ತೋ ಕಾಣೆ, ಬಿದ್ದವನ ಹೆಸರು ಮಾತ್ರ ಆ ತೊರೆಗೆ ಶಾಶ್ವತವಾಗಿ ಅಂಟಿಕೊಂಡಿತು. ಈಗಲೂ ಅದು ಬೀಚರ್ಸ್ ಬ್ರೂಕ್.

ಇಂದು ಈ ಪಂದ್ಯದ ದೂರ ಸುಮಾರು 7 ಕಿಲೋಮೀಟರ್, ಹಾರಬೇಕಾದ ಬೇಲಿಗಳು 30. ಎರಡು ಮಹಾಯುದ್ಧಗಳ ಕಾಲ ಬಿಟ್ಟರೆ ಅದು ನಿಂತದ್ದು ಅಪರೂಪ. 1993ರಲ್ಲಿ ಓಟದ ಆರಂಭವೇ ಗೊಂದಲವಾಗಿ ಪಂದ್ಯ ರದ್ದಾಯಿತು. 1997ರಲ್ಲಿ ಬಾಂಬ್ ಬೆದರಿಕೆಯಿಂದ ಮೈದಾನ ಖಾಲಿ ಮಾಡಿಸಿ ಸೋಮವಾರ ಓಡಿಸಿದರು. 2020ರಲ್ಲಿ ಕೊರೋನಾ. ಮರುವರ್ಷ 2021ರಲ್ಲಿ ರೇಚಲ್ ಬ್ಲಾಕ್‌ಮೋರ್ ಗೆದ್ದು, ಈ ಪಂದ್ಯ ಗೆದ್ದ ಪ್ರಥಮ ಮಹಿಳಾ ಸವಾರಳಾದಳು. 1967ರ ಕಥೆ ಎಲ್ಲಕ್ಕಿಂತ ಸ್ವಾರಸ್ಯಕರ. ಸವಾರನಿಲ್ಲದೆ ಓಡುತ್ತಿದ್ದ ಕುದುರೆಯೊಂದು 23ನೇ ಬೇಲಿಯ ಎದುರು ಅಡ್ಡ ತಿರುಗಿತು. ಮುಂದಿದ್ದವೆಲ್ಲ ಒಂದರ ಮೇಲೊಂದು ಬಿದ್ದವು. ತುಂಬಾ ಹಿಂದೆ ಬಿದ್ದಿದ್ದ ಫೊಯ್ನವನ್ ಎಂಬ ಕುದುರೆ ಆ ಗೊಂದಲದಲ್ಲಿ ಸಂದು ಹುಡುಕಿಕೊಂಡು ಹಾರಿ, ಒಬ್ಬಂಟಿಯಾಗಿ ಓಡಿ ಗೆದ್ದುಬಿಟ್ಟಿತು.

ಆದರೆ ನನಗೆ ಹೆಚ್ಚು ಇಷ್ಟವಾದ ಕುದುರೆ ರೆಡ್ ರಮ್. 1973, 1974 ಮತ್ತು 1977ರಲ್ಲಿ ಮೂರು ಬಾರಿ ಗೆದ್ದು, ನಡುವಿನ ಎರಡು ವರ್ಷ ಎರಡನೇ ಸ್ಥಾನ ಪಡೆದ ಈ ಕುದುರೆಗೆ ಗೊರಸಿನ ಮೂಳೆಯ ಕಾಯಿಲೆ ಇತ್ತು. ಪಳಗಿಸಿದ ಜಿಂಜರ್ ಮೆಕೇನ್ ಟ್ಯಾಕ್ಸಿ ಓಡಿಸುತ್ತಿದ್ದ ಮನುಷ್ಯ. ದೊಡ್ಡ ಮೈದಾನ ಕೈಗೆಟುಕದ ಆತ ಸೌತ್‌ಪೋರ್ಟ್ ಊರಿನ ಸಮುದ್ರತೀರದ ಮರಳಿನಲ್ಲಿ ಕುದುರೆಯನ್ನು ಓಡಿಸಿದ. ಉಪ್ಪುನೀರು ಅದರ ಕಾಲಿಗೆ ಹಿತವಾಯಿತೆಂದು ಹೇಳುತ್ತಾರೆ. 1995ರಲ್ಲಿ ಸತ್ತ ರೆಡ್ ರಮ್‌ನನ್ನು ಏಂಟ್ರಿಯ ಗೆಲುವಿನ ಗೆರೆಯ ಬಳಿಯೇ ಹೂಳಿದ್ದಾರೆ. ಇದೆಲ್ಲ ಹೊಗಳಿಕೆಯ ಮಾತಾಯಿತು. ಈ ಪಂದ್ಯದಲ್ಲಿ ಎಷ್ಟೋ ಕುದುರೆಗಳು ಕಾಲು, ಕತ್ತು ಮುರಿದು ಸತ್ತಿವೆ ಎಂಬುದೂ ಚರಿತ್ರೆಯೇ. ಆ ಟೀಕೆಗೆ ಮಣಿದು ಬೇಲಿಗಳ ಒಳಗಿನ ಗಟ್ಟಿ ಮರದ ಚೌಕಟ್ಟನ್ನು ತೆಗೆದು ಮೆದುವಾದ ಪ್ಲಾಸ್ಟಿಕ್ ಹಾಕಿದರು, 2024ರಿಂದ ಓಡುವ ಕುದುರೆಗಳನ್ನು 40ರಿಂದ 34ಕ್ಕೆ ಇಳಿಸಿದರು. ಇದನ್ನು ಇನ್ನೂ ಮೊದಲೇ ಮಾಡಬಹುದಿತ್ತು ಎಂಬುದು ನನ್ನ ಅನಿಸಿಕೆ.

ಈಗ ಹುಡುಗನ ಪ್ರಶ್ನೆಗೆ ಉತ್ತರ. ಹಾರಿದ ಕುದುರೆ ಇಳಿಯುವಾಗ ಅದರ ಭಾರವೆಲ್ಲ ಮುಂಗಾಲಿನ ಮೇಲೆ ಬೀಳುತ್ತದೆ. ನೆಲ ಮಳೆ ಕುಡಿದು ಮೆತ್ತಗಿದ್ದರೆ ಕಾಲು ಉಳಿಯುತ್ತದೆ. ಇಂಗ್ಲೆಂಡ್, ಐರ್ಲೆಂಡ್‌ಗಳ ಚಳಿಗಾಲದ ಹುಲ್ಲುನೆಲ ಅಂಥದು. ನಮ್ಮ ಮೈಸೂರು ಸೀಮೆಯ ಕೆಮ್ಮಣ್ಣು ಮಳೆಗಾಲ ಮುಗಿದ ಮೇಲೆ ಹೇಗಿರುತ್ತದೆಂಬುದು ಬರಿಗಾಲಲ್ಲಿ ಶಾಲೆಗೆ ಬಂದವರಿಗೆ ಗೊತ್ತು. ಭಾರತದಲ್ಲಿ ಸ್ಟೀಪಲ್‌ಚೇಸ್ ನಡೆದೇ ಇಲ್ಲವೆಂದಲ್ಲ. ಕಲ್ಕತ್ತೆಯ ಟಾಲಿಗಂಜ್ ಕ್ಲಬ್‌ನಲ್ಲಿ ನಡೆಯುತ್ತಿತ್ತು. ಆದರೆ ಇಲ್ಲಿ ಬೇರೂರಿದ್ದು ಸಮತಟ್ಟಿನ ಓಟವೇ. ಒಂದು ವಿಚಿತ್ರ ನೋಡಿ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿ ಘಾಟಿ ಹತ್ತಿದರೆ ಎರಡು ಮೂರು ಗಂಟೆಯಲ್ಲಿ ಊಟಿ. ಅಲ್ಲಿ ಮಂಜು, ಮೆತ್ತನೆಯ ಹುಲ್ಲುಗಾವಲು. ಅದೇ ಕಾರಣಕ್ಕೆ ಇಂಗ್ಲಿಷರು ಅಲ್ಲಿನ ವೆನ್ಲಾಕ್ ಬಯಲಿನಲ್ಲಿ ಬೇಟೆನಾಯಿಗಳ ಹಿಂದೆ ಕುದುರೆ ಓಡಿಸುವ 'ಊಟಿ ಹಂಟ್' ಕಟ್ಟಿಕೊಂಡರು. ಸ್ಟೀಪಲ್‌ಚೇಸ್ ಹುಟ್ಟಿದ್ದೂ ಇಂಥ ಬೇಟೆಯ ಓಟದಿಂದಲೇ. ಹೀಗೆ ನಮ್ಮ ಗುಂಡ್ಲುಪೇಟೆಯ ರಸ್ತೆ ಎರಡು ಬಗೆಯ ನೆಲಗಳನ್ನು, ಎರಡು ಬಗೆಯ ಕುದುರೆ ಓಟಗಳನ್ನು ಕೂಡಿಸುವ ರಸ್ತೆ.

ಬೆಂಗಳೂರಿಗೂ ಸ್ಟೀಪಲ್‌ಚೇಸ್‌ಗೂ ಇನ್ನೊಂದು ಸಣ್ಣ ನಂಟಿದೆ. 1895ರಲ್ಲಿ ಇಂಗ್ಲೆಂಡಿನ ಆಲ್ಡರ್‌ಶಾಟ್ ದಂಡಿನಲ್ಲಿ ತರುಣ ಅಧಿಕಾರಿಗಳ ಸ್ಟೀಪಲ್‌ಚೇಸ್‌ನಲ್ಲಿ ಮೂರನೆಯವನಾಗಿ ಬಂದ ಒಬ್ಬ ಸವಾರ, ಮರುವರ್ಷ ತನ್ನ ರೆಜಿಮೆಂಟಿನ ಜೊತೆ ಬೆಂಗಳೂರು ದಂಡಿಗೆ ಬಂದಿಳಿದ. ಇಲ್ಲಿ ಬೆಳಿಗ್ಗೆ ಕವಾಯತು, ಮಧ್ಯಾಹ್ನ ಪುಸ್ತಕ, ಸಂಜೆ ಪೋಲೋ ಎಂದು ಕಾಲ ಕಳೆದ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ವಿನ್‌ಸ್ಟನ್ ಚರ್ಚಿಲ್ ಆತ.

ಕುದುರೆಯ ಒಡೆಯ, ಕುದುರೆಯ ಆಳು

ಮೈಸೂರಿನಲ್ಲಿ ಕುದುರೆ ಬಂದದ್ದು ಆಟಕ್ಕಲ್ಲ, ಯುದ್ಧಕ್ಕೆ. ಹೈದರಾಲಿಯ ಬಲವೆಲ್ಲ ಅವನ ಅಶ್ವದಳದಲ್ಲಿತ್ತು. ಕುಣಿಗಲ್‌ನ ಕುದುರೆ ಫಾರಂ ಟಿಪ್ಪು ಸುಲ್ತಾನರ ಕಾಲದಲ್ಲಿ ಅಶ್ವದಳಕ್ಕಾಗಿ ಆರಂಭವಾದದ್ದೆಂದು ಹೇಳುತ್ತಾರೆ. 1799ರ ನಂತರ ರಾಜ್ಯ ಒಡೆಯರಿಗೆ ಬಂದ ಮೇಲೂ ಅಶ್ವದಳ ಉಳಿಯಿತು. 1807ರ ಒಪ್ಪಂದದಂತೆ ಮೈಸೂರು 4,000 ಕುದುರೆ ಸವಾರರನ್ನು ಸಾಕಬೇಕಾಗಿತ್ತು, ಬ್ರಿಟಿಷರು ಕರೆದಾಗ ಕಳಿಸಬೇಕಾಗಿತ್ತು. 1817ರ ಮಹೀದ್‌ಪುರ ಯುದ್ಧದಲ್ಲಿ ಈ ಸವಾರರು ಹೋರಾಡಿದರು. ಅದರ ಮರುವರ್ಷವೇ, 1818ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಅರಿಕುಠಾರಕ್ಕೆ ಚಾಮರಾಜನಗರ ಎಂದು ಹೆಸರಿಟ್ಟರು.

ಈ ಸವಾರರನ್ನು ಶಿಲೇದಾರರು ಎನ್ನುತ್ತಿದ್ದರು. ಸಿಲಾಹ್ ಎಂದರೆ ಅರಬ್ಬಿಯಲ್ಲಿ ಆಯುಧ, ದಾರ್ ಎಂದರೆ ಪಾರಸಿಯಲ್ಲಿ ಹೊಂದಿರುವವನು. ಶಿಲೇದಾರನದು ಸ್ವಂತ ಕುದುರೆ, ಸ್ವಂತ ಆಯುಧ. ಸರ್ಕಾರ ಅವನಿಗೆ ಸಂಬಳ ಕೊಡುತ್ತದೆ, ಕುದುರೆ ಕೊಡುವುದಿಲ್ಲ. ಕುದುರೆ ಸತ್ತರೆ ಅವನ ನೌಕರಿಗೂ ಸಂಚಕಾರ. ಇನ್ನೊಬ್ಬರ ಕುದುರೆಯನ್ನು ಹತ್ತುವವನು ಬಾರ್ಗೀರ್. ಕುದುರೆಯ ಒಡೆಯ ಯಾರು, ಅದನ್ನು ಹತ್ತುವ ಆಳು ಯಾರು ಎಂಬ ಈ ಭೇದವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ರೇಸ್ ಮೈದಾನದಲ್ಲೂ ಜಟಕಾ ನಿಲ್ದಾಣದಲ್ಲೂ ಇದೇ ಭೇದ ಮತ್ತೆ ಕಾಣುತ್ತದೆ.

ಆಗಾ ಅಲಿ ಅಸ್ಕರ್

1824ರಲ್ಲಿ ಪರ್ಷಿಯಾದ ಶಿರಾಜ್ ನಗರದಿಂದ ಹದಿನಾರು ವರ್ಷದ ಹುಡುಗನೊಬ್ಬ ಬೆಂಗಳೂರಿಗೆ ಬಂದ. ಜೊತೆಗೆ ಸಹೋದರರು, ಮಾರಾಟಕ್ಕೆ ತಂದ 200 ಕುದುರೆಗಳು. ಈ ಸಂಖ್ಯೆ ಅವರ ವಂಶಸ್ಥರ ನೆನಪಿನಲ್ಲಿ ಉಳಿದು ಬಂದದ್ದು. ಹಾಫಿಜ್, ಸಾದಿಯರ ಊರಿನಿಂದ ಬಂದ ಈ ಹುಡುಗನೇ ಆಗಾ ಅಲಿ ಅಸ್ಕರ್.

ಹದಿನಾರು ಎಂದರೆ ಈಗಿನ ಲೆಕ್ಕದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ವಯಸ್ಸು. ಕುದುರೆಗಳ ಹಿಂಡು ಹೊಡೆದುಕೊಂಡು ಬರುವುದೆಂದರೆ ಏನೆಂದು ಸ್ವಲ್ಪ ಯೋಚಿಸಿ. ದಿನಕ್ಕೆ ಇಷ್ಟು ನೀರು, ಇಷ್ಟು ಹುಲ್ಲು ಪ್ರತಿ ಕುದುರೆಗೂ ಬೇಕು. ಒಂದಕ್ಕೆ ನೆಗಡಿ ಬಂದರೆ ಹಿಂಡಿಗೇ ಹಬ್ಬಬಹುದು. ಕುಂಟಿದ ಕುದುರೆಗೆ ಬೆಲೆ ಇಲ್ಲ. ಕಳ್ಳರ ಕಾಟ ಬೇರೆ. ತಲುಪಿದ ಮೇಲೆ ಸೊರಗಿದ ಕುದುರೆಗಳನ್ನು ವಾರಗಟ್ಟಲೆ ಮೇಯಿಸಿ, ಮೈ ತುಂಬಿಸಿ, ಆಮೇಲೆ ಕೊಳ್ಳುವವರ ಮುಂದೆ ನಡೆಸಬೇಕು. ಕೊಳ್ಳುವವನೂ ಕಣ್ಣುಳ್ಳವನೇ. ಹಲ್ಲು ನೋಡಿ ವಯಸ್ಸು ಹೇಳುತ್ತಾನೆ, ಕಾಲು ತಡವಿ ನೋಡುತ್ತಾನೆ. ಈ ವ್ಯಾಪಾರದಲ್ಲಿ ಒಮ್ಮೆ ಸುಳ್ಳು ಹೇಳಿದವನಿಗೆ ಎರಡನೇ ವರ್ಷ ಗಿರಾಕಿ ಇರುವುದಿಲ್ಲ.

ಅಲಿ ಅಸ್ಕರ್ ಅವರಿಗೆ ಗಿರಾಕಿಗಳು ಉಳಿದರು. ಅರಮನೆಯ ಮುಮ್ಮಡಿ ಕೃಷ್ಣರಾಜ ಒಡೆಯರ ಸ್ನೇಹ ದೊರೆಯಿತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ಗಂತೂ ಅರಬ್ಬೀ ಕುದುರೆಯೆಂದರೆ ಪ್ರಾಣ. ಬೆಂಗಳೂರು ದಂಡಿನ ಸೇನಾಧಿಕಾರಿಗಳಿಗೂ ಕುದುರೆ ಬೇಕು, ಕವಾಯತಿಗೊಂದು, ಸಾರೋಟಿಗೊಂದು, ರೇಸ್‌ಗೊಂದು. ಆ ಕಾಲದಲ್ಲಿ ನಮ್ಮ ದೇಶದ ರೇಸ್ ಮೈದಾನಗಳಲ್ಲಿ ಓಡುತ್ತಿದ್ದುದು ಬಹುಪಾಲು ಅರಬ್ಬೀ ಕುದುರೆಗಳೇ. ಇಂಗ್ಲಿಷ್ ಥರೋಬ್ರೆಡ್ ತಳಿ ಆಮೇಲೆ ಬಂದದ್ದು. ಆ ತಳಿಯ ಮೂಲಪುರುಷರಾದ ಮೂರು ಗಂಡುಕುದುರೆಗಳೂ ಪೂರ್ವದೇಶದವೇ. ಅವುಗಳಲ್ಲೊಂದಾದ ಡಾರ್ಲಿ ಅರೇಬಿಯನ್ 1704ರಲ್ಲಿ ಸಿರಿಯಾದ ಅಲೆಪ್ಪೊದಿಂದ ಇಂಗ್ಲೆಂಡಿಗೆ ಹೋದ ಕುದುರೆ. ಗ್ರಾಂಡ್ ನ್ಯಾಷನಲ್‌ನಲ್ಲಿ ಬೇಲಿ ಹಾರುವ ಕುದುರೆಗಳಲ್ಲಿ ಹರಿಯುವುದೂ ಅದೇ ರಕ್ತ.

ಅಲಿ ಅಸ್ಕರ್ ಅವರ ಜಾಣತನ ನನಗೆ ಕಾಣುವುದು ಕುದುರೆ ಮಾರಿದ್ದರಲ್ಲಿ ಮಾತ್ರವಲ್ಲ. ಕುದುರೆಯ ಹಣವನ್ನು ಅವರು ಮತ್ತೆ ಕುದುರೆಗೇ ಸುರಿಯಲಿಲ್ಲ. ಬೆಳೆಯುತ್ತಿದ್ದ ದಂಡು ಪ್ರದೇಶದಲ್ಲಿ ಜಾಗ ಕೊಂಡು ಬಂಗಲೆಗಳನ್ನು ಕಟ್ಟಿಸಿದರು. ಇಂದು ಸರ್ಕಾರದ ವಶದಲ್ಲಿರುವ ಬಾಲಬ್ರೂಯಿ ಅತಿಥಿಗೃಹ ಅವರು ಕಟ್ಟಿಸಿದ್ದೆಂದು ಹೇಳಲಾಗುತ್ತದೆ. ಅವರ ಜೀವಿತಕಾಲದಲ್ಲೇ ಕಾಲ ಬದಲಾಯಿತು. 1864ರಲ್ಲಿ ಮದರಾಸಿನಿಂದ ಬೆಂಗಳೂರಿಗೆ ರೈಲು ಬಂತು. ಆಸ್ಟ್ರೇಲಿಯಾದಿಂದ ಹಡಗುಗಟ್ಟಲೆ 'ವೇಲರ್' ಕುದುರೆಗಳು ಮದರಾಸಿಗೆ ಬಂದಿಳಿದು ಸೇನೆಯ ಲಾಯ ತುಂಬಿದವು. ಪರ್ಷಿಯಾದಿಂದ ಹಿಂಡು ತರುವವನ ಕಾಲ ಮುಗಿಯುತ್ತಾ ಬಂತು. ಅಲಿ ಅಸ್ಕರ್ 1891ರಲ್ಲಿ ತೀರಿಕೊಂಡರು. ಮೈಸೂರು ರೇಸ್ ಕ್ಲಬ್ ಸ್ಥಾಪನೆಯಾದದ್ದೂ ಅದೇ ವರ್ಷ.

ಅವರ ಮಗ ಆಗಾ ಜಾನ್. ಆಗಾ ಜಾನ್ ಅವರ ಮಗ 1883ರ ಅಕ್ಟೋಬರ್ 24ರಂದು ಹುಟ್ಟಿದ ಮಿರ್ಜಾ ಇಸ್ಮಾಯಿಲ್. ಕುದುರೆಯಿಂದಾಗಿ ಅರಮನೆಯೊಡನೆ ಬೆಳೆದ ನಂಟು ಮೊಮ್ಮಗನ ಕಾಲಕ್ಕೆ ಬೇರೊಂದು ರೂಪ ತಾಳಿತು. ರಾಜಕುಮಾರ ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ತೆರೆದ ತರಗತಿಯಲ್ಲಿ ಬಾಲಕ ಇಸ್ಮಾಯಿಲ್ ಸಹಪಾಠಿಯಾದರು. ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ, ಸರ್ಕಾರಿ ಸೇವೆ, ಮಹಾರಾಜರ ಕಾರ್ಯದರ್ಶಿ ಹುದ್ದೆ. 1926ರಲ್ಲಿ ಮೈಸೂರಿನ ದಿವಾನರಾದರು. ನಂಜನಗೂಡಿನಿಂದ ಚಾಮರಾಜನಗರಕ್ಕೆ ರೈಲು ಬಂದದ್ದೂ ಅದೇ 1926ರಲ್ಲಿ. 1941ರವರೆಗೆ ಹದಿನೈದು ವರ್ಷ ಅವರು ಆ ಸ್ಥಾನದಲ್ಲಿದ್ದರು. ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದ ಕಾರ್ಖಾನೆ, ಕೃಷ್ಣರಾಜಸಾಗರದ ಬೃಂದಾವನ ಎಲ್ಲ ಅವರ ಕಾಲದವು. ಮುಂದೆ ಜೈಪುರ, ಹೈದರಾಬಾದ್‌ಗಳಲ್ಲೂ ಆಡಳಿತ ನಡೆಸಿ 1959ರಲ್ಲಿ ನಿಧನರಾದರು.

ಸರ್ ಮಿರ್ಜಾ ಅವರ ಬಗ್ಗೆ ನಮ್ಮ ಸಭೆಗಳಲ್ಲಿ ಭಾಷಣ ಮಾಡುವವರು ದಿವಾನಗಿರಿಯಿಂದ ಶುರು ಮಾಡುತ್ತಾರೆ. ನಾನು ಶಿರಾಜಿನ ಹಿಂಡಿನಿಂದ ಶುರು ಮಾಡಬೇಕೆನ್ನುತ್ತೇನೆ. ಮೊದಲ ತಲೆಮಾರು ಕುದುರೆ ಮಾರಿತು, ಮೂರನೇ ತಲೆಮಾರು ರಾಜ್ಯ ನಡೆಸಿತು. ಇದು ಅದೃಷ್ಟವೋ, ಅರಮನೆಯ ಕೃಪೆಯೋ? ಎರಡೂ ಇತ್ತು, ಮುಚ್ಚಿಡಬೇಕಾಗಿಲ್ಲ. ರಾಜಕುಮಾರನ ಪಕ್ಕದ ಬೆಂಚಿನಲ್ಲಿ ಕೂರುವ ಅವಕಾಶ ಎಲ್ಲರ ಮಕ್ಕಳಿಗೂ ಸಿಗುವುದಿಲ್ಲ. ಆದರೆ ಅರಮನೆಗೆ ಹತ್ತಿರವಿದ್ದ ಮನೆಗಳು ಬಹಳ ಇದ್ದವು. ಅವುಗಳಲ್ಲಿ ಕಾಲೇಜಿಗೆ ಹೋಗಿ ಪದವಿ ತಂದವರು ಎಷ್ಟು ಮಂದಿ? ಕುದುರೆಯ ಬೆಲೆ ಇಳಿಯುವ ಮೊದಲೇ ಪುಸ್ತಕ ಕೈಗೆತ್ತಿಕೊಂಡದ್ದು ಆ ಮನೆಯ ವಿಶೇಷ.

ಜಟಕಾ ನಿಲ್ದಾಣದವರು

ಶಿಲೇದಾರರ ಮನೆಗಳಿಗೆ ಏನಾಯಿತು? ಕೆಲವರು 1892ರಲ್ಲಿ ರೂಪುಗೊಂಡ ಮೈಸೂರು ಲ್ಯಾನ್ಸರ್ಸ್ ದಳ ಸೇರಿದರು. ಹಿಂದೂ, ಮುಸ್ಲಿಂ, ಮರಾಠ ಸವಾರರು ಒಟ್ಟಿಗಿದ್ದ ಈ ದಳ ಮೊದಲ ಮಹಾಯುದ್ಧದಲ್ಲಿ 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಸೇರಿ ಹೈಫಾ ಪಟ್ಟಣವನ್ನು ವಶಪಡಿಸಿಕೊಂಡಿತು. ಎದುರಿಗೆ ಫಿರಂಗಿ, ಮಷೀನ್‌ಗನ್. ಇವರ ಕೈಯಲ್ಲಿ ಈಟಿ, ಕತ್ತಿ. ಎದುರಾಳಿ ತುರ್ಕಿ ಸುಲ್ತಾನರ ಸೇನೆ ಎಂಬುದು ಮುಸ್ಲಿಂ ಸವಾರರ ಮನಸ್ಸಿನಲ್ಲಿ ಏನೇನು ತಳಮಳ ತಂದಿರಬಹುದು! ಅದನ್ನು ಯಾರೂ ಕೇಳಿ ಬರೆದಿಡಲಿಲ್ಲ. ದೆಹಲಿಯ ತೀನ್‌ಮೂರ್ತಿಯ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದ್ ಸವಾರರವು. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು.

ದಳಕ್ಕೆ ಸೇರದವರು ಊರೂರುಗಳಲ್ಲಿ ಉಳಿದರು. ಕುದುರೆಯ ವಿದ್ಯೆ ಗೊತ್ತಿದ್ದವನಿಗೆ ಉಳಿದ ಕಸುಬೆಂದರೆ ಲಾಯದ ಚಾಕರಿ, ಲಾಳ ಕಟ್ಟುವುದು, ಜಟಕಾ, ಟಾಂಗಾ. ನಮ್ಮ ಕಡೆಯ ಶಾಲೆಗಳ ಹಳೆಯ ದಾಖಲಾತಿ ಪುಸ್ತಕ ತೆಗೆದು ತಂದೆಯ ಉದ್ಯೋಗದ ಕಾಲಂ ನೋಡಿದರೆ ಚರಿತ್ರೆ ತಾನಾಗಿ ಕಾಣುತ್ತದೆ. ಒಂದು ಪುಟದಲ್ಲಿ 'ಜಟಕಾ', ಕೆಲವು ವರ್ಷಗಳ ಮೇಲೆ ಅದೇ ಬೀದಿಯ ಮಕ್ಕಳ ಎದುರು 'ಆಟೋ', ಆಮೇಲೆ 'ಲಾರಿ ಡ್ರೈವರ್'. ಮೊಮ್ಮಗನ ವೇಳೆಗೆ ಕುದುರೆ ಇಲ್ಲ, ಆದರೂ ಲಗಾಮು ಹಿಡಿದ ಕೈ ಸ್ಟೇರಿಂಗ್ ಹಿಡಿದಿದೆ. ದುಡಿಮೆ ಯಾವುದೂ ಕೀಳಲ್ಲ. ಆದರೆ ಏಳನೇ ತರಗತಿಗೆ ಶಾಲೆ ಬಿಟ್ಟು ತಂದೆಯ ಗಾಡಿ ಹತ್ತಿದ ಹುಡುಗನಿಗೆ ಬೇರೆ ದಾರಿಯ ಆಯ್ಕೆ ಇತ್ತೇ ಎಂಬುದು ಪ್ರಶ್ನೆ. ಅಲಿ ಅಸ್ಕರ್ ಅವರದು ಕುದುರೆ ಒಡೆಯರ ಮನೆ. ಇವರದು ಕುದುರೆ ಆಳುಗಳ ಮನೆ. ಬಾರ್ಗೀರನ ಮಗ ಕಾಲೇಜಿಗೆ ಹೋಗಬೇಕಾದರೆ ಅರಮನೆಯ ಬೆಂಚು ಸಾಲದು, ಊರಿನಲ್ಲೇ ಒಂದು ಹೈಸ್ಕೂಲು, ಒಂದು ಹಾಸ್ಟೆಲು, ಒಂದಿಷ್ಟು ವಿದ್ಯಾರ್ಥಿವೇತನ ಬೇಕು. ನಮ್ಮಂಥ ವಿದ್ಯಾಸಂಸ್ಥೆಗಳು ಹುಟ್ಟಿದ್ದೇ ಆ ಕೊರತೆಯಿಂದ.

ಕುದುರೆ ಪಂದ್ಯದ ಜಗತ್ತಿನ ದೊಡ್ಡ ಹೆಸರೊಂದು ಇಲ್ಲಿ ನೆನಪಾಗುತ್ತದೆ. ಮೂರನೇ ಆಗಾ ಖಾನ್ ಅವರ ಕುದುರೆಗಳು ಇಂಗ್ಲೆಂಡಿನ ಎಪ್ಸಮ್ ಡರ್ಬಿಯನ್ನು 1930, 1935, 1936, 1948 ಮತ್ತು 1952ರಲ್ಲಿ, ಒಟ್ಟು ಐದು ಬಾರಿ ಗೆದ್ದವು. ಅದೇ ಆಗಾ ಖಾನ್ ಅಲಿಗಢದ ಕಾಲೇಜನ್ನು ವಿಶ್ವವಿದ್ಯಾಲಯ ಮಾಡಲು ದೇಶ ಸುತ್ತಿ ಚಂದಾ ಎತ್ತಿದರು. 1920ರಲ್ಲಿ ಅದು ಕೈಗೂಡಿತು. ಅವರ ರೇಸ್ ಷೋಕಿಯನ್ನು ಒಪ್ಪದವರೂ ಆ ಚಂದಾದ ಲೆಕ್ಕವನ್ನು ಒಪ್ಪಲೇಬೇಕು.

ಇಂದಿನ ಮೈದಾನ

ಚಾಮುಂಡಿ ಬೆಟ್ಟದ ಮೇಲಿಂದ ಕೆಳಗೆ ನೋಡಿದವರಿಗೆ ಮೊಟ್ಟೆಯಾಕಾರದ ಹಸಿರು ಮೈದಾನ ಕಂಡೇ ಇರುತ್ತದೆ. ಅದೇ ಮೈಸೂರಿನ ರೇಸ್ ಕೋರ್ಸ್. ದಸರಾ ಸಮಯದ ಪಂದ್ಯಗಳು ಅಲ್ಲಿ ಪ್ರಸಿದ್ಧ. ಊಟಿಯ ಬೇಸಿಗೆ ರೇಸ್‌ಗೆ ಮೈಸೂರಿನಿಂದ ಹೋಗುವ ದಾರಿ ನಮ್ಮ ಗುಂಡ್ಲುಪೇಟೆಯದೇ. ಕಿಟಕಿಯಲ್ಲಿ ಮೂತಿ ಚಾಚಿದ ಕುದುರೆಗಳನ್ನು ಹೊತ್ತ ಲಾರಿ ಟೀ ಅಂಗಡಿಯ ಮುಂದೆ ನಿಂತರೆ ಮಕ್ಕಳೆಲ್ಲ ಸುತ್ತ ಸೇರುತ್ತಿದ್ದರು. 2009ರಿಂದ ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ನಿಷೇಧವಿರುವುದರಿಂದ ಕುದುರೆಯ ಲಾರಿಯೂ ಕಾಯಬೇಕಾಗಿತ್ತು. ಆ ಸಂಚಾರವೂ ಮುಗಿದಂತಿದೆ. 2024ರ ಜುಲೈನಲ್ಲಿ ತಮಿಳುನಾಡು ಸರ್ಕಾರ ಗುತ್ತಿಗೆ ಬಾಕಿಯ ಕಾರಣಕ್ಕೆ ಊಟಿಯ ರೇಸ್ ಮೈದಾನವನ್ನು ತನ್ನ ವಶಕ್ಕೆ ತೆಗೆದುಕೊಂಡಿತು.

ಕಾನೂನಿನ ಮಾತು ಬಂದರೆ, 1996ರಲ್ಲಿ ಸುಪ್ರೀಂ ಕೋರ್ಟು ಮದರಾಸ್ ರೇಸ್ ಕ್ಲಬ್‌ಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಕುದುರೆ ಪಂದ್ಯ ಕೌಶಲದ ಆಟ, ಬರೀ ಅದೃಷ್ಟದ ಆಟವಲ್ಲ ಎಂದು ತೀರ್ಪು ಕೊಟ್ಟಿತು. ಕೌಶಲ ಇದೆ, ಸಂದೇಹವಿಲ್ಲ. ಆದರೆ ಆ ಕೌಶಲ ಕುದುರೆಯದು, ಸವಾರನದು, ಬೆಳಗಿನ ಜಾವ ಎದ್ದು ಅದರ ಕಾಲು ತಿಕ್ಕುವ ಸೈಸನದು. ಕಟಕಟೆಯ ಹೊರಗೆ ಚೀಟಿ ಹಿಡಿದು ನಿಂತ ಬಡವನ ಕೈಯಲ್ಲಿ ಎಷ್ಟು ಕೌಶಲ ಇದೆಯೋ ನ್ಯಾಯಾಲಯಕ್ಕೆ ಗೊತ್ತು, ನನಗಂತೂ ಕಂಡಿಲ್ಲ. ಗೆದ್ದ ಕುದುರೆಯ ಹೆಸರು, ಮಾಲೀಕರ ಹೆಸರು, ಜಾಕಿಯ ಹೆಸರು ಮರುದಿನ ಪತ್ರಿಕೆಯಲ್ಲಿ ಬರುತ್ತವೆ. ಸೈಸನ ಹೆಸರು ಬಂದದ್ದನ್ನು ನೋಡಿದವರಿದ್ದರೆ ನಮಗೆ ಬರೆದು ತಿಳಿಸಲಿ.

ಕುಣಿಗಲ್ ಫಾರಂ 1992ರಲ್ಲಿ ಮೂವತ್ತು ವರ್ಷದ ಗುತ್ತಿಗೆಗೆ ಖಾಸಗಿಯವರ ಕೈ ಸೇರಿ, ಯುದ್ಧದ ಕುದುರೆಯ ಬದಲು ರೇಸ್ ಕುದುರೆ ಬೆಳೆಸಿತು. ಗುತ್ತಿಗೆ ಮುಗಿದ ಮೇಲೆ 400 ಎಕರೆಗೂ ಮಿಕ್ಕ ಆ ಹುಲ್ಲುಗಾವಲಿನಲ್ಲಿ ಬಡಾವಣೆ ಕಟ್ಟುವ ಪ್ರಸ್ತಾಪ ಬಂದು, ಬೇಡವೆಂದು ಜನ ದನಿ ಎತ್ತಿದ್ದಾರೆ.

ಮುಂದಿನ ಬಾರಿ ಬೆಂಗಳೂರಿಗೆ ಪ್ರವಾಸ ಹೋಗುವ ವಿದ್ಯಾರ್ಥಿಗಳಿಗೆ ಒಂದು ಸಲಹೆ. ವಿಧಾನಸೌಧ ನೋಡಿದ ಮೇಲೆ ಕಬ್ಬನ್ ಪಾರ್ಕಿನೊಳಗೆ ಹೋಗಿ. ಮಾರೊಚೆಟ್ಟಿ ಎಂಬ ಶಿಲ್ಪಿ ಮಾಡಿದ, ಕುದುರೆಯ ಮೇಲೆ ಕುಳಿತ ಕಬ್ಬನ್‌ನ ಪ್ರತಿಮೆ ಅಲ್ಲಿದೆ. ಬಹುಕಾಲ ಹೈಕೋರ್ಟಿನ ಆವರಣದಲ್ಲಿದ್ದ ಅದನ್ನು 2020ರಲ್ಲಿ ಪಾರ್ಕಿಗೆ ಸ್ಥಳಾಂತರಿಸಿದರು. ಕುದುರೆಯನ್ನು ಚೆನ್ನಾಗಿ ಗಮನಿಸಿ, ಕತ್ತಿನ ಬಾಗು, ಕಿವಿ, ಮೂಗಿನ ಹೊಳ್ಳೆ. ಅಲ್ಲಿಂದ ವಸಂತನಗರದ ಕಡೆಗೆ ನಡೆದರೆ ಅಲಿ ಅಸ್ಕರ್ ರಸ್ತೆ ಸಿಗುತ್ತದೆ. ಫಲಕದ ಕೆಳಗೆ ನಿಂತು ದಾರಿಹೋಕರನ್ನು ಈ ಅಲಿ ಅಸ್ಕರ್ ಯಾರೆಂದು ಕೇಳಿ ನೋಡಿ. ಉತ್ತರ ಬರದಿದ್ದರೆ ನೀವೇ ಹೇಳಿ ಬನ್ನಿ.